ಹಸಿರು ಬಳಿದ ಗಲ್ಲಿ

ಕ್ಲಾಂಗ್ ಬಂದರಿನ ಹಿಂದಿನ ಗಲ್ಲಿಗಳ ಹೆಸರೆಲ್ಲ ಮೋಹಿನಿಗೆ ಬಾಯಿಪಾಠ. ಯಾವ ಗಲ್ಲಿ ಎಲ್ಲಿ ತಿರುಗುತ್ತದೆ, ಯಾವುದರ ಕೊನೆಯಲ್ಲಿ ಗೋಡೆ ಇದೆ, ಯಾವುದರ ಕೊನೆಯಲ್ಲಿ ಮಾರಿಯಮ್ಮನ ಗುಡಿ ಇದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯಾಳು. ತಮಾಷೆಯೆಂದರೆ, ಹೋದ ವರ್ಷದವರೆಗೆ ಅವುಗಳಲ್ಲಿ ಒಂದಕ್ಕೂ ಆಕೆ ಕಾಲಿಟ್ಟಿರಲಿಲ್ಲ.

ಊರು ಉಡುಪಿ ಹತ್ತಿರದ ಕಟಪಾಡಿ. ಗಂಡ ಸದಾನಂದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರು. ಆತನ ಜೊತೆ ಕಡಲಾಚೆಯ ಈ ಮಲಯ ನಾಡಿಗೆ, ಕ್ಲಾಂಗ್ ಹತ್ತಿರದ ಸುಬಾಂಗ್ ಜಯಾಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ಹನ್ನೆರಡು ವರ್ಷ ಮಗಳನ್ನು ಬೆಳೆಸುವುದರಲ್ಲಿ ಕಳೆಯಿತು. ಮಗಳು ದೊಡ್ಡವಳಾಗಿ, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದ ಮೇಲೆ ಮೋಹಿನಿ ಕೆಲಸ ಹುಡುಕಿದಳು. ಬ್ರಾಡ್‌ಬ್ಯಾಂಡ್ ಕಂಪನಿಗಳಿಗೆ ನಕ್ಷೆ ಮಾಡಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ಸಿಕ್ಕಿತು. ತುಳು, ಕನ್ನಡ, ಇಂಗ್ಲಿಷ್, ಜೊತೆಗೆ ತರಕಾರಿ ಅಂಗಡಿಯಲ್ಲಿ ಕಲಿತ ತಮಿಳು, ಮಲಯ್. ಇಷ್ಟು ಭಾಷೆ ಬಲ್ಲವಳನ್ನು ಯಾರು ಬೇಡ ಅಂದಾರು?

ಕೆಲಸವೇನೋ ಸುಲಭದ್ದು. ಕಂಪ್ಯೂಟರಿನಲ್ಲಿ ಮೇಲಿನಿಂದ ತೆಗೆದ ಊರಿನ ಚಿತ್ರ ಇರುತ್ತದೆ. ಕೇಬಲ್ ಹಾದುಹೋದ ಕಂಬದಿಂದ ಮನೆಯವರೆಗೆ ಅಳತೆಯ ಗೆರೆ ಎಳೆಯಬೇಕು. ಐವತ್ತು ಮೀಟರಿನ ಒಳಗಿದ್ದರೆ ಆ ಮನೆಗೆ ಹಸಿರು ಬಣ್ಣ, ಹೊರಗಿದ್ದರೆ ಬಿಳಿ. ಹಸಿರು ಎಂದರೆ ಲೈನ್ ತಲುಪಿದ ಮನೆ ಎಂದು ಲೆಕ್ಕ. ಆ ಮನೆಯವರು ಲೈನ್ ತೆಗೆದುಕೊಂಡರೋ ಇಲ್ಲವೋ, ಕೇಳಿದರೆ ಕೊಡಲಾದರೂ ಆಗುತ್ತದೋ ಇಲ್ಲವೋ, ಅದು ಬೇರೆ ಮಾತು. ಎಕ್ಸ್‌ಪ್ರೆಸ್ ಬಸ್ಸು ನಮ್ಮೂರ ಮೇಲೆ ಹಾದುಹೋದ ಮಾತ್ರಕ್ಕೆ ನಮ್ಮೂರಿಗೆ ಬಸ್ಸಿದೆ ಅಂದ ಹಾಗೆ ಇದು. ನಿಲ್ಲದ ಬಸ್ಸಿನಿಂದ ಯಾರಿಗೇನು ಉಪಯೋಗ ಎಂದು ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಮೀಟಿಂಗಿನ ಗೋಡೆಯ ಮೇಲೆ, ಹಸಿರು ಮನೆಗಳ ಲೆಕ್ಕ ತೋರಿಸುವ ಚಿತ್ರದಲ್ಲಿ, ಹಸಿರು ಕಂಬವೊಂದು ಎದ್ದು ನಿಲ್ಲುತ್ತದೆ, ಪ್ರತಿ ಸಲವೂ ಹೋದ ಸಲಕ್ಕಿಂತ ಎತ್ತರ. ಮಾರುಕಟ್ಟೆ ಬೆಳೆಯುತ್ತಿದೆ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೋಹಿನಿಯೂ ತಟ್ಟುತ್ತಿದ್ದಳು.

ಮೊದಲೆಲ್ಲ ಬಣ್ಣ ಬಳಿದ ಮೇಲೆ ಒಬ್ಬರು ಹೋಗಿ ನೋಡಿ ಬರುವ ಪದ್ಧತಿ ಇತ್ತು. ಕೊರೋನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಅದು ನಿಂತಿತು. ಅದೇ ಹೊತ್ತಿಗೆ ಇಡೀ ದೇಶಕ್ಕೆ ಮನೆಯಲ್ಲೇ ಇಂಟರ್ನೆಟ್ಟು ಬೇಕಾಯಿತು. ಬೇಗ, ಬೇಗ ಎಂದು ಮೇಲಿನವರು ಬೆನ್ನು ಹತ್ತಿದರು. ಮೋಹಿನಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಇನ್ನೂರು ಮನೆಗೆ ಹಸಿರು ಬಳಿದಳು. ಕಾಯಿಲೆ ಹೋಯಿತು, ಹೋಗಿ ನೋಡುವ ಪದ್ಧತಿ ಮಾತ್ರ ವಾಪಸು ಬರಲಿಲ್ಲ. ಕೂತಲ್ಲೇ ಆಗುವ ಕೆಲಸಕ್ಕೆ ಬಿಸಿಲಲ್ಲಿ ಯಾರು ಅಲೆದಾರು?

ಹೋದ ವರ್ಷ ಚೌತಿಗೆ ಒಂದು ವಾರ ಮುಂಚೆ ಮೋಹಿನಿ ಗಿರಿಜಮ್ಮನ ಮನೆಗೆ ಹೋದಳು. ಗಿರಿಜಮ್ಮ ಮಂಡ್ಯದ ಕಡೆಯವರು. ಬಂದರಿನಲ್ಲಿ ಗುಮಾಸ್ತರಾಗಿದ್ದ ಗಂಡ ತೀರಿಕೊಂಡ ಮೇಲೆ ಚಕ್ಕುಲಿ, ಕೋಡುಬಳೆ, ಹುಳಿಪುಡಿ ಮಾಡಿ ಕನ್ನಡದವರಿಗೆಲ್ಲ ಕೊಡುತ್ತಾರೆ. ಯಾವಾಗಲೂ ಶನಿವಾರ ಬ್ರಿಕ್‌ಫೀಲ್ಡ್ಸಿನ ಭಾರತೀಯರ ಪೇಟೆಗೆ ತಾವೇ ಚೀಲ ಹೊತ್ತು ಬರುತ್ತಿದ್ದರು. ಈ ಸಲ ಮಂಡಿನೋವು, ನೀನೇ ಬಂದು ತಗೊಂಡ್ ಹೋಗವ್ವ ಎಂದು ವಿಳಾಸ ಹೇಳಿದ್ದರು. ಲೋರೊಂಗ್ ಕೆನಾಂಗ, ಹದಿನೇಳನೇ ಮನೆ. ಲೋರೊಂಗ್ ಎಂದರೆ ಗಲ್ಲಿ, ಕೆನಾಂಗ ಎಂದರೆ ಒಂದು ಹೂವು. ಮೋಹಿನಿಗೆ ಆ ಹೆಸರು ಕೇಳಿದ ಕೂಡಲೇ ಖುಷಿಯಾಯಿತು. ಮೂವತ್ತೆಂಟು ಮನೆಗಳ ಗಲ್ಲಿ, ಆಕೆಯೇ ಹಸಿರು ಬಳಿದದ್ದು.

ದೊಡ್ಡ ರಸ್ತೆಯಲ್ಲಿ, ಕೇಬಲ್ ಕಂಬದ ಹತ್ತಿರ ಕಾರು ನಿಲ್ಲಿಸಿದರೆ ಎದುರಿಗೇ ಗಿರಿಜಮ್ಮನ ಮನೆ ಕಾಣುತ್ತದೆ. ಆದರೆ ನಡುವೆ ಇಪ್ಪತ್ತು ಅಡಿ ಅಗಲದ ಮೋರಿ. ಮೋರಿ ಅಂದರೆ ನಮ್ಮಲ್ಲಿ ಹಾರಿ ದಾಟುವಂಥದ್ದಲ್ಲ. ಎರಡೂ ಕಡೆ ಕಾಂಕ್ರೀಟಿನ ಗೋಡೆ, ಕೆಳಗೆ ಒಂದಾಳು ಮುಳುಗುವಷ್ಟು ಕಪ್ಪು ನೀರು, ಮೇಲೆ ಆಚೀಚೆಯಿಂದ ಬಾಗಿದ ಮರಗಳು. ಸೇತುವೆ ಅರ್ಧ ಕಿಲೋಮೀಟರಿಗೂ ದೂರ. ಸುತ್ತಿ ಬಳಸಿ ಮನೆ ಸೇರುವಷ್ಟರಲ್ಲಿ ಮೋಹಿನಿಯ ಬೆನ್ನು ಬೆವೆತಿತ್ತು. ಚಿತ್ರದಲ್ಲಿ ಈ ಮೋರಿ ಮರದ ನೆರಳಿನ ಹಾಗೆ ಕಂಡಿತ್ತು ಎಂಬುದು ಆಕೆಗೆ ನೆನಪಾಯಿತು.

ಗಿರಿಜಮ್ಮ ಕೋಡುಬಳೆಯ ತಟ್ಟೆ ಮುಂದಿಟ್ಟು ಕಷ್ಟ ಹೇಳಿಕೊಂಡರು. ಮಗಳು ನಿಹಾರಿಕಾಳ ಓದಿನ ಕಷ್ಟ. ಅವಳ ಡಿಪ್ಲೊಮಾದ ಕಡೇ ವರ್ಷದ ಪಾಠ, ಪರೀಕ್ಷೆ ಎಲ್ಲ ಆನ್‌ಲೈನು. ಪರೀಕ್ಷೆ ಬರೆಯುವಷ್ಟು ಹೊತ್ತೂ ಕ್ಯಾಮೆರಾ ಆನ್ ಇರಬೇಕು, ಲೈನ್ ಕಡಿದರೆ ಪೇಪರ್ ರದ್ದು. ಈ ಗಲ್ಲಿಯಲ್ಲಿ ಮೊಬೈಲಿಗೆ ಸಿಗುವುದು ಸಿಗ್ನಲ್ಲಿನ ಒಂದೇ ಕಡ್ಡಿ. ಹುಡುಗಿ ಸೇತುವೆಯಾಚೆಯ ಮಾಮಕ್ ಹೋಟೆಲಿನಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಒಂದು ಲೋಟ ಚಹಾಕ್ಕೆ ಮೂರು ಗಂಟೆ ಕೂತು ಓದುತ್ತಿದ್ದಳು. ಪರೀಕ್ಷೆಯ ದಿನ ಅಲ್ಲೂ ವೈಫೈ ಕೈಕೊಟ್ಟು ಒಂದು ಪೇಪರ್ ಆಗಲೇ ಹೋಗಿದೆ. ಜನವರಿಯಲ್ಲಿ ಮರುಪರೀಕ್ಷೆ. ಅದೂ ಹೋದರೆ ಕಾಲೇಜು ಹೆಸರು ತೆಗೆದುಹಾಕುತ್ತದೆ.

ಬ್ರಾಡ್‌ಬ್ಯಾಂಡಿಗೆ ನಾಲ್ಕು ಸಲ ಅರ್ಜಿ ಹಾಕಿದ್ದರಂತೆ. ನಿಮ್ಮ ಗಲ್ಲಿಗೆ ಲೈನ್ ತಲುಪಿದೆ ಎಂದು ನಾಲ್ಕು ಸಲವೂ ಉತ್ತರ ಬಂತು. ಕೆಲಸದವನು ರಸ್ತೆಯಾಚೆ ನಿಂತು ಮೋರಿ ನೋಡಿ, ಇದರ ಮೇಲೆ ಕೇಬಲ್ ದಾಟಿಸುವ ಹಾಗಿಲ್ಲ ಎಂದು ತಲೆಯಾಡಿಸಿ ಹೋದ. ಲೈನೇ ಇಲ್ಲದ ಗಲ್ಲಿಗಳಿಗೆ ಬೇರೆ ದಾರಿಯಿಂದ ಲೈನ್ ಎಳೆಸುವ ಒಂದು ಯೋಜನೆ ಈಗ ಬಂದಿದೆ. ಅಲ್ಲಿ ಕೇಳಿದರೆ, ನಕ್ಷೆಯಲ್ಲಿ ನೀವು ಹಸಿರು, ಬಿಳಿಯವರಿಗೆ ಮಾತ್ರ ಇದು ಎಂದರಂತೆ. ಪಟ್ಟಿ ಮುಂದಿನ ಶುಕ್ರವಾರಕ್ಕೆ ಮುಗಿಯುತ್ತದೆ.

"ನಮ್ಗೆ ಲೈನ್ ಐತೆ ಅಂತ ಬರೆದೋನು ಯಾವನೋ ಏನೋ," ಎಂದರು ಗಿರಿಜಮ್ಮ. "ದಿನಾ ದೀಪ ಹಚ್ಚೋವಾಗ ಬೈತೀನಿ ಕಣವ್ವ. ಅವನ ಕೈ ಸೇದೋಗ ಅಂತ."

ಮೋಹಿನಿಯ ಕೈಯಲ್ಲಿ ಕೋಡುಬಳೆ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಆಕೆ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಾನೇ ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ. ಪೊಟ್ಟಣ ತೆಗೆದುಕೊಂಡು, ಮಂಡಿಗೆ ಎಣ್ಣೆ ಹಚ್ಚಿ ಎಂದು ಬುದ್ಧಿ ಹೇಳಿ ಹೊರಟುಬಂದಳು. ಕಾರಿನಲ್ಲಿ ಕೂತ ಮೇಲೆ ಆಕೆಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಸೋಮವಾರ ಆಫೀಸಿಗೆ ಹೋದವಳೇ ಆ ಗಲ್ಲಿಯ ಚಿತ್ರ ತೆಗೆದು ಮತ್ತೆ ಗೆರೆ ಎಳೆದಳು. ಕಂಬದಿಂದ ಹದಿನೇಳನೇ ಮನೆಗೆ ನಲವತ್ತನಾಲ್ಕು ಮೀಟರ್. ಅಳತೆ ಸರಿಯಾಗಿಯೇ ಇತ್ತು. ಹೊಳೆಗೆ ಹಾಕಿದರೂ ಅಳೆದು ಹಾಕು ಎನ್ನುತ್ತಾರೆ. ಮೋಹಿನಿ ಅಳೆದೇ ಹಾಕಿದ್ದಳು, ಹೊಳೆಯನ್ನೇ ನೋಡಿರಲಿಲ್ಲ.

ಬಣ್ಣ ಬದಲಿಸಲು ಒಂದು ಅರ್ಜಿ ಇದೆ. ಅದರಲ್ಲಿ ಕಾರಣ ಹೇಳಬೇಕು. ಸ್ಥಳ ಬದಲಾಗಿದೆ ಎಂದು ಗುರುತು ಹಾಕಿದರೆ ಯಾರ ಮೇಲೂ ತಪ್ಪು ಬರುವುದಿಲ್ಲ, ಆದರೆ ಮೋರಿ ನೋಡಿಕೊಳ್ಳುವ ಇಲಾಖೆಯಿಂದ ಕಾಗದ ತರಬೇಕು, ತಿಂಗಳುಗಟ್ಟಲೆ ಕಾಯಬೇಕು. ಗುರುತಿಸಿದವರ ತಪ್ಪು ಎಂದು ಹಾಕಿದರೆ ಅಂದೇ ಬಣ್ಣ ಬದಲಾಗುತ್ತದೆ. ಆದರೆ ಕೆಳಗೆ ಹೆಸರು ಬರೆಯಬೇಕು, ಮತ್ತು ಆ ಹೆಸರಿನವರು ಬಳಿದ ಅಷ್ಟೂ ಮನೆಗಳನ್ನು ಮತ್ತೆ ಪರೀಕ್ಷಿಸಬೇಕೆಂಬುದು ನಿಯಮ.

ಮ್ಯಾನೇಜರ್ ಕೀರ್ತಿರಾಜ್ ಮಂಗಳೂರಿನವನು, ಮೋಹಿನಿಗಿಂತ ಹತ್ತು ವರ್ಷ ಚಿಕ್ಕವನು. ಇಬ್ಬರೇ ಇದ್ದಾಗ ಅಕ್ಕ ಎನ್ನುತ್ತಾನೆ. ಅರ್ಜಿ ನೋಡಿದವನು ಬಾಗಿಲು ಹಾಕಿ ಬಂದು ಕೂತ. ಮುಂದಿನ ತಿಂಗಳು ಮೋಹಿನಿಯನ್ನು ಟೀಮ್ ಲೀಡರ್ ಮಾಡುವ ಕಾಗದ ಅವನ ಮೇಜಿನ ಮೇಲೇ ಇತ್ತು.

"ಮೋರಿ ಆಮೇಲೆ ಆದದ್ದು ಅಂತ ಬರೀರಿ ಅಕ್ಕ," ಎಂದ. "ಲೇಟಾಗ್ತದೆ, ಆದ್ರೆ ಯಾರಿಗೂ ತೊಂದ್ರೆ ಇಲ್ಲ. ಹೆಸರು ಹಾಕಿದ್ರೆ ನಿಮ್ಮ ಎಲ್ಲ ಶೀಟೂ ತೆಗೀತಾರೆ. ಎಷ್ಟು ಹೊರಗೆ ಬರ್ತದೆ ಅಂತ ನಿಮಗೇ ಗೊತ್ತಿಲ್ಲ."

ಗೊತ್ತಿಲ್ಲ ಎಂಬುದೇ ಆಕೆಯನ್ನು ಕುಟುಕಿದ್ದು. ಎಷ್ಟು ನೆರಳು, ಎಷ್ಟು ಮೋರಿ, ಯಾರ ಯಾರ ಮನೆಯ ದೀಪದ ಮುಂದೆ ಬೈಗುಳ! ಆದರೂ ಆಸೆ ಎಂಬುದು ಸುಮ್ಮನೆ ಬಿಡುವುದಿಲ್ಲ. ಏಳು ವರ್ಷ ಕಣ್ಣು ನೋಯಿಸಿಕೊಂಡು ದುಡಿದದ್ದಕ್ಕೆ ಸಿಗುತ್ತಿದ್ದ ಒಂದೇ ಒಂದು ಮರ್ಯಾದೆ ಅದು. ಎರಡು ದಿನ ಮೋಹಿನಿ ಅರ್ಜಿಯನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು.

ಬುಧವಾರ ಊಟದ ಹೊತ್ತಿಗೆ ಸದಾನಂದನಿಗೆ ಹೇಳಿದಳು. ಆತ ಉಪದೇಶ ಮಾಡುವ ಗಂಡಸಲ್ಲ. ಸಾರಿನಲ್ಲಿ ಅನ್ನ ಕಲಸುತ್ತ ಆಸ್ಪತ್ರೆಯ ಒಂದು ಪದ್ಧತಿ ಹೇಳಿದ. ರೋಗಿಯ ಕಾಗದದಲ್ಲಿ ತಪ್ಪು ಬರೆದರೆ ಅಳಿಸಿಹಾಕುವಂತಿಲ್ಲ, ಮೇಲೆ ಬಿಳಿ ಬಳಿಯುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದಲು ಬರಬೇಕು, ಪಕ್ಕದಲ್ಲಿ ಬರೆದವರೇ ಸಹಿ ಹಾಕಬೇಕು. ಹೊಸ ಹುಡುಗರಿಗೆ ಮೊದಲ ವಾರವೇ ಇದನ್ನು ಕಲಿಸುತ್ತೇವೆ, ಎಲ್ಲರಿಗೂ ನಾಚಿಕೆ ಆಗುತ್ತದೆ ಎಂದ.

"ನಾಚಿಕೆ ಆದ್ರೆ ಎಂತ ಮಾಡುದು?" ಎಂದು ಕೇಳಿದಳು ಮೋಹಿನಿ.

"ಎಂತ ಮಾಡ್ಲಿಕ್ಕುಂಟು? ಸಹಿ ಹಾಕುದು," ಎಂದು ಆತ ಮಜ್ಜಿಗೆಗೆ ಕೈ ಚಾಚಿದ.

ಗುರುವಾರ ಬೆಳಿಗ್ಗೆ ಮೋಹಿನಿ ಗುರುತಿಸಿದವರ ತಪ್ಪು ಎಂದೇ ಹಾಕಿ, ಅರ್ಜಿಯ ಮೂರು ಪ್ರತಿಗೂ ಸಹಿ ಹಾಕಿದಳು. ಸಂಜೆಯೊಳಗೆ ಲೋರೊಂಗ್ ಕೆನಾಂಗದ ಮೂವತ್ತೆಂಟು ಮನೆ ಬಿಳಿಯಾದವು, ಶುಕ್ರವಾರ ಪಟ್ಟಿಗೂ ಸೇರಿದವು. ಶನಿವಾರ ಚೌತಿಯ ಮೋದಕ ಡಬ್ಬಿಗೆ ತುಂಬಿಕೊಂಡು ಆಕೆ ಗಿರಿಜಮ್ಮನ ಮನೆಗೆ ಮತ್ತೆ ನಡೆದಳು.

"ಗಿರಿಜಮ್ಮ, ನೀವು ಬೈಯುದು ಉಂಟಲ್ಲ, ಅದು ನನ್ನನ್ನೇ," ಎಂದಳು ಬಾಗಿಲಲ್ಲೇ ನಿಂತು. "ಹಸಿರು ಬಳಿದದ್ದು ನಾನು. ಮನೆಯಲ್ಲಿ ಕೂತು ಬಳಿದೆ. ಮೋರಿ ನಂಗೆ ಕಾಣ್ಲಿಲ್ಲ."

ಗಿರಿಜಮ್ಮ ಮೋದಕದ ಡಬ್ಬಿ ಇಸಿದುಕೊಂಡರು, ಮುಚ್ಚಳ ತೆಗೆಯಲಿಲ್ಲ. ಒಳಗಿನಿಂದ ನಿಹಾರಿಕಾ ಬಂದು, ಇಟ್ಸ್ ಓಕೆ ಲಾ ಆಂಟಿ, ಎಂದು ಇಲ್ಲಿಯ ಇಂಗ್ಲಿಷಿನಲ್ಲಿ ಹೇಳಿದಳು. ತಾಯಿ ಅವಳನ್ನು ಕಣ್ಣಲ್ಲೇ ಒಳಗೆ ಕಳಿಸಿದರು.

"ಅಷ್ಟು ದೊಡ್ ಮೋರಿ ಕಾಣ್ಲಿಲ್ವಾ ನಿಂಗೆ?" ಎಂದರು ಕೊನೆಗೆ. "ಬೈದಿದ್ದು ಬೈದಾಯ್ತು, ವಾಪಸ್ ತಗೊಳಾಕಾಗಲ್ಲ. ಲೈನ್ ಬರ್ಲಿ, ಆಮೇಲೆ ನೋಡಾನ."

ಒಳಗೆ ಬಾ ಎನ್ನಲಿಲ್ಲ. ಮೋಹಿನಿ ಅದನ್ನು ನ್ಯಾಯವೆಂದೇ ತಿಳಿದು ಸೇತುವೆ ಸುತ್ತಿ ಬಂದಳು.

ಆಮೇಲಿನದು ಕೀರ್ತಿರಾಜ್ ಹೇಳಿದ ಹಾಗೆಯೇ ಆಯಿತು. ಆಕೆಯ ಶೀಟುಗಳನ್ನೆಲ್ಲ ತೆಗೆದರು. ಇನ್ನೂ ಹನ್ನೊಂದು ಗಲ್ಲಿ ಸಿಕ್ಕವು. ಒಂದಕ್ಕೆ ರೈಲು ಹಳಿ ಅಡ್ಡ, ಒಂದಕ್ಕೆ ಯಾರದೋ ಗೋದಾಮು, ಉಳಿದವಕ್ಕೆಲ್ಲ ಮೋರಿ. ಆ ಸಲದ ಮೀಟಿಂಗಿನಲ್ಲಿ ಹಸಿರು ಕಂಬ ಮೊದಲ ಬಾರಿಗೆ ಗಿಡ್ಡವಾಯಿತು, ಚಪ್ಪಾಳೆ ಇರಲಿಲ್ಲ. ಟೀಮ್ ಲೀಡರ್ ಕೆಲಸ ಸುಮಂತನೆಂಬ ಹುಷಾರಾದ ಯುವಕನಿಗೆ ಹೋಯಿತು. ಹೋಗಿ ನೋಡುವ ಪದ್ಧತಿಯನ್ನು ವಾಪಸು ತಂದರು, ಅದನ್ನು ಮೋಹಿನಿಯ ಕೊರಳಿಗೇ ಕಟ್ಟಿದರು. ಐವತ್ತರ ಹತ್ತಿರದ ಹೆಂಗಸು ಟೋಪಿ ಹಾಕಿಕೊಂಡು, ಕೈಯಲ್ಲಿ ಅಳತೆ ಟೇಪು ಹಿಡಿದು ಬಿಸಿಲಲ್ಲಿ ಗಲ್ಲಿ ಗಲ್ಲಿ ಸುತ್ತುವುದನ್ನು ಕಂಡ ಕನ್ನಡ ಸಂಘದವರು ಪಾಪ ಅಂದರು. ಆಕೆಗೂ ಮೊದಲು ಪಾಪ ಅನ್ನಿಸಿತ್ತು. ಈಗೀಗ ಅನ್ನಿಸುವುದಿಲ್ಲ. ಗೇಟು ತೆರೆದವರು ನೀರು ಕೊಡುತ್ತಾರೆ, ಅಜ್ಜಿಯರು ಕೂರಿಸಿ ಮಾತಾಡಿಸುತ್ತಾರೆ, ನಾಯಿಗಳು ಮಾತ್ರ ಇನ್ನೂ ಒಪ್ಪಿಲ್ಲ.

ಗಿರಿಜಮ್ಮ ಮಾತ್ರ ಫೋನು ಮಾಡಲಿಲ್ಲ. ದೀಪಾವಳಿಗೆ ಚಕ್ಕುಲಿ ಬೇಕೆಂದು ಮೋಹಿನಿಯೇ ಫೋನು ಮಾಡಿದಾಗ, ಈ ಸಲ ಆಗಲ್ಲ ಎಂದಷ್ಟೇ ಹೇಳಿ ಇಟ್ಟರು.

ಜನವರಿಯ ಎರಡನೇ ವಾರ, ಮಧ್ಯಾಹ್ನ. ಮೋಹಿನಿ ಒಂದು ಗಲ್ಲಿಯ ತುದಿಯಲ್ಲಿ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದ್ದಳು. ಫೋನು ಬಡಿದುಕೊಂಡಿತು. ವಿಡಿಯೊ ಕರೆ, ಗಿರಿಜಮ್ಮನದು. ತೆರೆದರೆ ಪರದೆಯ ತುಂಬ ಅವರ ಹಣೆ, ನರೆಗೂದಲು. ಹಿಂದೆ ಗೋಡೆಯಲ್ಲಿ ಬ್ರಾಡ್‌ಬ್ಯಾಂಡಿನ ಹೊಸ ಬಿಳಿ ಡಬ್ಬಿ, ಅದರಲ್ಲಿ ಪುಟ್ಟ ಹಸಿರು ದೀಪ. ನಿಹಾರಿಕಾ ಒಳಗೆ ಪರೀಕ್ಷೆ ಬರೆಯುತ್ತಿದ್ದಾಳೆ, ಒಂದೂವರೆ ಗಂಟೆ ಆಯಿತು, ಇನ್ನೂ ಕಡಿದಿಲ್ಲ ಎಂದು ಗಿರಿಜಮ್ಮ ಪಿಸುಗುಟ್ಟಿದರು. ಮೋಹಿನಿ ಬುತ್ತಿಯನ್ನು ಬದಿಗಿಟ್ಟಳು. ಒಳ್ಳೆಯದಾಯ್ತು ಎನ್ನಲು ಬಾಯಿ ತೆರೆದಳು.

"ತಡಿ, ತಡಿ," ಎಂದರು ಗಿರಿಜಮ್ಮ. ಚಿತ್ರ ಅಲ್ಲಾಡಿತು. ಚಪ್ಪಲಿ ಮೆಟ್ಟಿದ ಸದ್ದು, ಗೇಟು ಕಿರ್ ಎಂದ ಸದ್ದು ಕೇಳಿದವು. ಪರದೆಯಲ್ಲಿ ಮೊದಲು ಮರದ ಎಲೆ ಬಂತು, ಆಮೇಲೆ ಕಾಂಕ್ರೀಟಿನ ಗೋಡೆ, ಆಮೇಲೆ ಕೆಳಗೆ ನಿಧಾನ ಹರಿಯುವ ಕಪ್ಪು ನೀರು. ಗಿರಿಜಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ, ಅಷ್ಟಗಲವನ್ನೂ ಬಿಡದೆ ತೋರಿಸಿದರು.

"ಈಗ ಕಾಣ್ತಾ ಐತಾ?" ಎಂದು ಕೇಳಿದರು.

"ಕಾಣ್ತದೆ ಗಿರಿಜಮ್ಮ," ಎಂದಳು ಮೋಹಿನಿ.

"ಹಂಗಾದ್ರೆ ಶನಿವಾರ ಬಾ. ಕೋಡುಬಳೆ ಮಾಡಿರ್ತೀನಿ."