ಶುಭಲತಾ ಟೀವಿ ಬಾಕಿ ಟೀವಿಯಾದದ್ದು

ಹೋದ ವಾರ ಬೀರು ಖಾಲಿ ಮಾಡುವಾಗ ಒಂದು ಹಳೆಯ ಮಸ್ಟರ್ ರೋಲ್ ಸಿಕ್ಕಿತು. ತೋಟದ ಕೆಲಸದವರ ಹಾಜರಿ ಬರೆಯುವ ಉದ್ದನೆಯ ಪುಸ್ತಕ ಅದು. ತೆರೆದರೆ ಒಣಗಿದ ಕಾಫಿ ಸಿಪ್ಪೆಯ ಹುಳಿ ವಾಸನೆ. ಮುಂದಿನ ಪುಟಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಎಂಬ ವಿವರ. ಪುಸ್ತಕವನ್ನು ಮಗುಚಿ ಹಿಂದಿನಿಂದ ತೆರೆದರೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಶುಭಲತಾ (ಬಾಗಿಲಲ್ಲಿ ನಿಂತು, ಕಣ್ಣಲ್ಲಿ ಬೆಂಕಿ): ಅತ್ತೇ, ಈ ಹೊಸಿಲು ನನ್ನ ಪಾಲಿಗೆ ಹೊಸಿಲಲ್ಲ, ಸೆರೆಮನೆಯ ಸರಳು.’ ಹೊಸಿಲು ಅಡ್ಡ ಇರುತ್ತದೆ, ಸರಳು ನೆಟ್ಟಗಿರುತ್ತದೆ ಎಂಬಷ್ಟು ವಿವೇಕವೂ ಆಗ ನನಗಿರಲಿಲ್ಲ. ಒಬ್ಬನೇ ಕೂತು ನಾಚಿಕೊಂಡೆ.

ನಾನು ರೈಟರ್. ಬೇರೆ ಊರಿನವರಿಗೆ ಹೀಗೆ ಹೇಳಿಬಿಟ್ಟರೆ, ಎಷ್ಟು ಪುಸ್ತಕ ಬಂದಿವೆ ಎಂದು ಕೇಳುತ್ತಾರೆ. ಕೊಡಗಿನಲ್ಲಿ ರೈಟರ್ ಎಂದರೆ ಎಸ್ಟೇಟಿನ ಗುಮಾಸ್ತ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಜಮೀನು ಮಾಡಿದವರು. ನನಗೆ ಹೊಲದ ಕೆಲಸ ಹತ್ತಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು. ಅಷ್ಟರಿಂದಲೇ ನೆಲ್ಯಹುದಿಕೇರಿಯ ಒಂದು ತೋಟದಲ್ಲಿ ರೈಟರಾಗಿ ಮೂವತ್ತು ವರ್ಷ ಕಳೆದೆ. ಹಾಜರಿ, ತೂಕ, ಗೊಬ್ಬರದ ಚೀಲ, ಇವಿಷ್ಟೇ ನನ್ನ ಸಾಹಿತ್ಯ. ನನ್ನನ್ನು ಬೇರೊಂದು ಅರ್ಥದಲ್ಲಿ ರೈಟರ್ ಎಂದು ನಂಬಿದವಳು ಲೋಕದಲ್ಲಿ ಒಬ್ಬಳೇ, ಟೈಲರ್ ಜಾನಕಿ.

ಜಾನಕಿಯ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ ಇತ್ತು, ಈಗಲೂ ಇದೆ. ಎರಡು ಹೊಲಿಗೆ ಯಂತ್ರ, ಒಂದು ಬೆಂಚು, ಗೋಡೆಯ ಮೇಲೆ ಒಂದು ಟೀವಿ. ಆಕೆ ಭಾಗಮಂಡಲದ ಕಡೆಯವಳು, ಮನೆಮಾತು ಅರೆಭಾಷೆ. ಇಪ್ಪತ್ತು ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬಳೇ ಬಂದು ಅಂಗಡಿ ಹಾಕಿದಳು. ಯಾಕೆ ಒಬ್ಬಳೇ ಎಂದು ಯಾರೂ ಕೇಳಲಿಲ್ಲ. ರವಿಕೆ ಚೆನ್ನಾಗಿ ಕೂರುವಂತೆ ಹೊಲಿಯುವವರನ್ನು ನಮ್ಮ ಹೆಂಗಸರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ತೋಟದ ಕೆಲಸ ಮುಗಿಸಿದ ಹೆಂಗಸರು ಸಂಜೆ ಆ ಬೆಂಚಿನ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದರು. ನಾನೂ ಹೋಗುತ್ತಿದ್ದೆ. ಪ್ಯಾಂಟಿನ ಜಿಪ್ಪು ಹಾಳಾಗಿದೆ ಎಂಬ ನೆಪ ಹೇಳಿ ಕೂರುತ್ತಿದ್ದೆ. ಒಂದು ಪ್ಯಾಂಟಿನ ಜಿಪ್ಪು ಎಷ್ಟು ಸಲ ಹಾಳಾಗಬಹುದು ಎಂದು ಮನೆಯವಳು ಕೇಳುವವರೆಗೂ ಇದು ನಡೆಯಿತು. ಧಾರಾವಾಹಿಯ ನಾಯಕಿ ಶುಭಲತಾ. ಗಂಡನ ಮನೆಯ ಕಾಟ ಸಹಿಸಿ ಸಹಿಸಿ, ಒಂದು ಶುಕ್ರವಾರ ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬಂದು ನಿಂತಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅಲ್ಲಿಗೆ ಸಂಚಿಕೆ ಮುಗಿಯಿತು. ಸೋಮವಾರ ಆ ಹೊತ್ತಿಗೆ ಟೀವಿ ಹಾಕಿದರೆ ಯಾರೋ ಮಕ್ಕಳು ಕುಣಿಯುತ್ತಿದ್ದರು. ಮಂಗಳವಾರವೂ ಕುಣಿದರು. ಧಾರಾವಾಹಿ ನಿಂತೇ ಹೋಗಿತ್ತು.

ಹದಿನೈದು ದಿನ ಕಾದ ಮೇಲೆ ಜಾನಕಿ ನನ್ನನ್ನು ಕರೆದಳು. ನನ್ನೊಡನೆ ಆಡುವಾಗ ಆಕೆ ಅರೆಭಾಷೆಗೆ ಅಷ್ಟಿಷ್ಟು ಕನ್ನಡ ಬೆರೆಸುತ್ತಾಳೆ, ‘ಇದೆ’ ಎನ್ನುವುದು ಮಾತ್ರ ‘ಉಟ್ಟು’ ಆಗಿಯೇ ಉಳಿಯುತ್ತದೆ.

“ರೈಟ್ರೇ, ನಿಮ್ಗೆ ಒಂದು ಕೆಲ್ಸ ಉಟ್ಟು. ಆ ಹುಡ್ಗಿ ಬಾಗಿಲಲ್ಲೇ ನಿಂತ್ಕೊಂಡು ಉಟ್ಟು. ಮುಂದೆ ಎಂಥ ಅಂತ ನೀವು ಬರೀರಿ.”

“ನಾನು ಬರೆಯೋ ರೈಟರ್ ಅಲ್ಲ ಕಣಮ್ಮ, ಹಾಜರಿ ಹಾಕೋ ರೈಟರ್.”

“ಹಾಜರಿಂದಲೇ ಶುರು ಮಾಡಿ. ಆ ಮನೇಲಿ ಯಾರ್ಯಾರು ಇದ್ದಾರೆ ಅಂತ ನಾ ಹೇಳ್ತೇನೆ.”

ಪಕ್ಕದಲ್ಲಿ ಸುಬೈದಾ ಕೂತಿದ್ದಳು. ಗಂಡ ಗಲ್ಫಿನಲ್ಲಿ. ದಿನವೂ ಅವನಿಗೆ ವೀಡಿಯೊ ಕಾಲ್‌ನಲ್ಲಿ ಮನೆ, ಅಂಗಳ, ಮೀನುಸಾರಿನ ಚಟ್ಟಿಯ ಒಳಗನ್ನೂ ತೋರಿಸಿ ತೋರಿಸಿ, ಬೆಳಕು ಎಲ್ಲಿಂದ ಬೀಳಬೇಕು ಎಂಬುದು ಆಕೆಗೆ ಕರಗತವಾಗಿತ್ತು. “ಬರೆದು ಕೊಡಿ ರೈಟ್ರೇ, ನಾನು ಶೂಟಿಂಗ್ ಮಾಡುದು. ಅತ್ತೆ ಪಾರ್ಟ್ ಕೂಡ ನಾನೇ ಮಾಡುದು,” ಎಂದಳು. ಅತ್ತೆ ಪರದೆಗೆ ಬಂದಾಗ ಫೋನನ್ನು ಬಟ್ಟೆಯ ರಾಶಿಗೆ ಒರಗಿಸಿದರಾಯಿತು. ಶುಭಲತಾ ಆಗಲು ಒಪ್ಪಿದವಳು ಸೆಲ್ವಿ, ನಮ್ಮ ತೋಟದ ಲೈನಿನಲ್ಲಿ, ಎಂದರೆ ಕೆಲಸದವರ ಸಾಲುಮನೆಯಲ್ಲಿದ್ದ ತಮಿಳು ಹುಡುಗಿ, ಹಣ್ಣು ಕೊಯ್ಯುವ ಪಿಕ್ಕಿಂಗಿನಲ್ಲಿ ಅವಳ ಕೈಯ ವೇಗಕ್ಕೆ ಸಾಟಿ ಇರಲಿಲ್ಲ. ಮೂಲ ಶುಭಲತಾ ಹಾಲಿನ ಬಣ್ಣದವಳು, ಸೆಲ್ವಿ ಹುರಿದ ಕಾಫಿಯ ಬಣ್ಣದವಳು. ಬೆಂಚಿನ ಮೇಲೆ ಯಾರೂ ಆ ಮಾತೆತ್ತಲಿಲ್ಲ.

ನಾನು ಮೂರು ದಿನ ಕೂತು ಸೆರೆಮನೆ, ಸರಳು, ಸಿಡಿಲು, ಹೆಣ್ಣು ಜನ್ಮ ಎಲ್ಲವನ್ನೂ ಸೇರಿಸಿ ಎರಡು ಪುಟದ ಭಾಷಣ ಬರೆದೆ. ಭಾನುವಾರ ಅಂಗಡಿಯ ಬಾಗಿಲಲ್ಲೇ ಚಿತ್ರೀಕರಣ. ಸೆಲ್ವಿಗೆ ಕನ್ನಡ ಓದಲು ಬಾರದು, ನಾನು ಓದಿ ಹೇಳಿಕೊಟ್ಟೆ. ಆಕೆ ಪೂರ್ತಿ ಕೇಳಿದಳು.

“ಸಾರ್, ಇಷ್ಟೆಲ್ಲ ಪೇಸ್ತಾ ನಿಂತ್ರೆ ಬಸ್ಸು ಹೋಗ್ಬಿಡುತ್ತೆ. ಹೋಗೋಳು ಸುಮ್ನೆ ಹೋಗ್ತಾಳೆ.”

ನನಗೆ ಸಿಟ್ಟು ಬಂತು. ಲೇಖಕರಿಗೆ ಬರುತ್ತದಂತಲ್ಲ, ಅಂಥದ್ದೇ ಸಿಟ್ಟು. ಒಂದೇ ಭಾಷಣಕ್ಕೆ ನಾನು ಲೇಖಕನಾಗಿಬಿಟ್ಟಿದ್ದೆ. ಅಷ್ಟರಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಜಾನಕಿ ತಲೆ ಎತ್ತದೆ ಹೇಳಿದಳು: “ಸೆಲ್ವಿ ಹೇಳುದು ಸರಿ ಉಟ್ಟು. ನಾ ಬರುವಾಗ ಒಂದು ಮಾತೂ ಆಡಿಲ್ಲೆ.”

ಆಕೆ ತನ್ನ ಬಗ್ಗೆ ಹೇಳಿದ ಮೊದಲ ಮಾತು ಅದು. ಯಂತ್ರ ಮತ್ತೆ ಓಡಿತು. ಶುಭಲತಾ ಮಾತಾಡದೆ ಹೊಸಿಲು ದಾಟಿ, ಬಸ್‌ಸ್ಟ್ಯಾಂಡಿನವರೆಗೆ ನಡೆದು, ಕುಶಾಲನಗರದ ಬಸ್ಸು ಹತ್ತಿದಳು. ನಿಜವಾದ ಬಸ್ಸೇ. ಕಂಡಕ್ಟರ್ ಟಿಕೆಟ್ ಕೇಳಿದ್ದೂ ಸಂಚಿಕೆಯಲ್ಲಿ ಸೇರಿತು.

ಹೀಗೆ ‘ಶುಭಲತಾ ಟೀವಿ’ ಶುರುವಾಯಿತು. ಸುಬೈದಾ ಅದನ್ನು ಇಂಟರ್ನೆಟ್ಟಿಗೆ ಏರಿಸಿದಳು. ಏರಿಸುವುದು ಎಂಬ ಮಾತು ನಮ್ಮಲ್ಲಿ ಅಕ್ಷರಶಃ ನಿಜ. ಸಿಗ್ನಲ್ ಸಿಗಬೇಕಾದರೆ ತೋಟದ ನೀರಿನ ಟ್ಯಾಂಕಿನ ದಿಬ್ಬ ಹತ್ತಬೇಕಿತ್ತು. ವಾರಕ್ಕೊಂದು ಸಂಚಿಕೆ. ಮೊದಲು ನೋಡಿದವರು ನಮ್ಮ ಲೈನಿನವರು. ಆಮೇಲೆ ಎಲ್ಲೆಲ್ಲೋ ಇದ್ದ ಅಭಿಮಾನಿಗಳು ಹುಡುಕಿಕೊಂಡು ಬಂದರು. ನಡುವೆ ನಿಂತ ಧಾರಾವಾಹಿಗಾಗಿ ಇಷ್ಟು ಜನ ಮನಸ್ಸಿನಲ್ಲೇ ಕೊರಗುತ್ತಿದ್ದರೆಂದು ನಮಗೆ ಗೊತ್ತಿರಲಿಲ್ಲ. ದಕ್ಷಿಣ ಕೊಡಗಿನ ಬಿಟ್ಟಂಗಾಲದ ನಾಲ್ಕು ಜನ, ನಿಂತುಹೋದ ಒಂದು ಪತ್ತೇದಾರಿ ಧಾರಾವಾಹಿಯ ಕೊಲೆಗಾರನನ್ನು ತಾವೇ ಹಿಡಿಯುತ್ತೇವೆ, ಕೊಡವ ಭಾಷೆಯಲ್ಲಿ ಹಿಡಿಯುತ್ತೇವೆ, ನಿಮ್ಮ ಚಾನೆಲಿನ ಹೆಸರು ಬಳಸಲು ಕೊಡಿ ಎಂದರು. ಬಾಳೆಲೆ ಊರಿನವರು ಅರ್ಧಕ್ಕೆ ನಿಂತ ಅಡುಗೆ ಸ್ಪರ್ಧೆಯ ಫೈನಲ್ ನಡೆಸುತ್ತೇವೆ ಎಂದರು, ನಡೆಸಿದರು, ಉಂಡರು. ಮೂರು ಚಾನೆಲ್ ಆದ ಮೇಲೆ ಸುಬೈದಾ, “ಇನ್ನು ಇದು ಚಾನೆಲ್ ಅಲ್ಲ, ನೆಟ್‌ವರ್ಕ್,” ಎಂದು ಘೋಷಿಸಿದಳು. ನೆಟ್‌ವರ್ಕ್ ಸಿಗದ ಊರಿನಲ್ಲಿ ನಾವೇ ಒಂದು ನೆಟ್‌ವರ್ಕ್ ಆದೆವು.

ನಲವತ್ತು ಸಂಚಿಕೆ ಬರೆದೆ. ಶುಭಲತಾ ಬಾಡಿಗೆ ಮನೆ ಹಿಡಿದಳು, ಹೊಲಿಗೆ ಕಲಿತಳು, ಅಂಗಡಿ ಹಾಕಿದಳು. ನಾನು ಕಲ್ಪಿಸಿದೆ ಎಂದುಕೊಂಡಿದ್ದನ್ನೆಲ್ಲ ಜಾನಕಿ ಬಟ್ಟೆ ಕತ್ತರಿಸುತ್ತ ಒಂದೊಂದೇ ಹೇಳಿಕೊಟ್ಟಿದ್ದಳು ಎಂಬುದು ತಡವಾಗಿ ಹೊಳೆಯಿತು. ಒಂದು ವಿಷಯಕ್ಕೆ ಮಾತ್ರ ಆಕೆ ಒಪ್ಪುತ್ತಿರಲಿಲ್ಲ. ಅತ್ತೆ ಸೊಸೆ ಮತ್ತೆ ಎದುರಾಗುವ ದೃಶ್ಯ ಬರೆಯಲೇ ಎಂದಾಗಲೆಲ್ಲ, “ಈಗ ಬೇಡ,” ಎನ್ನುತ್ತಿದ್ದಳು. ಪಾತ್ರವಿಲ್ಲದೆ ಕೂತು ಸುಬೈದಾಳಿಗೂ ಬೇಸರ ಬಂದಿತ್ತು.

ಆಗ ಧಾರಾವಾಹಿ ಮಾಡಿದ್ದ ಕಂಪನಿಯಿಂದ ಪತ್ರ ಬಂತು. ಸುಬೈದಾಳ ಫೋನಿಗೆ, ಇಂಗ್ಲಿಷಿನಲ್ಲಿ. ನಾನು ಓದಿ ಹೇಳಿದೆ: ಹೆಸರು ಅವರದು, ಪಾತ್ರ ಅವರದು, ಕಥೆಯ ಎಳೆ ಅವರದು, ಹದಿನೈದು ದಿನದಲ್ಲಿ ಎಲ್ಲ ತೆಗೆಯಬೇಕು. ಅವರದು ತಪ್ಪೆಂದು ನಾನು ಹೇಳಲಾರೆ. ಪಕ್ಕದ ತೋಟದ ಹಣ್ಣು ಕೊಯ್ದು ನಮ್ಮ ಚೀಲಕ್ಕೆ ಹಾಕಿಕೊಂಡರೆ ಯಾವ ರೈಟರ್ ತಾನೇ ಒಪ್ಪುತ್ತಾನೆ? ಪೊಲೀಸರು ಬರುತ್ತಾರಾ ಎಂದು ಸೆಲ್ವಿ ಕೇಳಿದಳು. ಬರುವುದಿಲ್ಲ ಎಂದೆ, ಅಷ್ಟೇನೂ ಧೈರ್ಯವಿಲ್ಲದೆ.

ಆ ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿ ಮೊದಲಿನಿಂದ ಕೊನೆಯವರೆಗೆ ನಲವತ್ತೂ ಸಂಚಿಕೆ ನೋಡಿದೆವು. ನಡುವೆ ಎರಡು ಸಲ ಚಹಾ, ಒಂದು ಸಲ ಕಡುಬು. ಮುಗಿದ ಮೇಲೆ ಸುಬೈದಾ ಬಿಸ್ಮಿ ಹೇಳಿ ಒಂದೊಂದಾಗಿ ಅಳಿಸಿದಳು. ಟಿಕೆಟ್ ಕೇಳಿದ ಕಂಡಕ್ಟರೂ ಹೋದ.

ಮುಚ್ಚಿಬಿಡೋಣ ಎಂದವನು ನಾನೇ. ಬೇಡ ಎಂದವಳು ಸೆಲ್ವಿ. ಹೆಸರು ಬೇರೆ ಇಟ್ಟು, ಕಥೆ ನಮ್ಮದೇ ಹೇಳೋಣ ಅಂದಳು. ಹೊಸ ಹೆಸರಿಗಾಗಿ ಒಂದು ವಾರ ಜಗಳವಾಯಿತು. ನಾನು ‘ಸಂಸ್ಕೃತಿ ಸೌರಭ ವಾಹಿನಿ’ ಎಂದು ಸೂಚಿಸಿದೆ. “ಅದು ಹೇಳ್ಲಿಕ್ಕೆ ನಾನು ಬೇರೆ ಹಲ್ಲು ಕಟ್ಟಿಸ್ಬೇಕು,” ಎಂದಳು ಸುಬೈದಾ. ಬಿಟ್ಟಂಗಾಲದವರಿಗೆ ಕೊಡವ ಹೆಸರು ಬೇಕಿತ್ತು, ಬಾಳೆಲೆಯವರಿಗೆ ಇಂಗ್ಲಿಷ್ ಹೆಸರು. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರ ನಾಲಗೆಗೆ ಕೂರುತ್ತಿರಲಿಲ್ಲ.

“ತೋಟದಲ್ಲಿ ಎಲ್ಲಾರೂ ನನ್ನ ಒಂದೇ ಕೇಳ್ತಾರೆ ಸಾರ್, ಬಾಕಿ ಕತೆ ಯಾವಾಗ ಅಂತ,” ಎಂದಳು ಸೆಲ್ವಿ. “ಬಾಕಿ ಅಂತಾನೇ ಇಡಿ.”

ಬಾಕಿ ಎಂದರೆ ಸಾಲದ ಮಾತಲ್ಲವೇ ಎಂದು ನಾನು ಗೊಣಗಿದೆ. ಆದರೆ ಸುಬೈದಾ ಮಲಯಾಳದಲ್ಲೂ ಅದೇ ಎಂದಳು. ಸೆಲ್ವಿ ತಮಿಳಲ್ಲೂ ಅದೇ ಎಂದಳು. ಎದುರಿನ ಬೇಕರಿಯ ತುಳು ಮಾತಿನವರನ್ನೂ ಪಕ್ಕದ ಉರ್ದು ಮಾತಿನ ಹಾಸಿಗೆ ಅಂಗಡಿಯವರನ್ನೂ ಕೂಗಿ ಕೇಳಿದೆವು. ಅದೇ. ಬಿಟ್ಟಂಗಾಲಕ್ಕೆ ಫೋನ್ ಮಾಡಿದರೆ ಅವರೂ, ಅದು ನಮ್ಮ ಮಾತೇ ಅಲ್ಲವಾ, ಎಂದರು. ಇಷ್ಟು ಭಾಷೆಗಳ ನಾಡಿನಲ್ಲಿ ಎಲ್ಲರಿಗೂ ಅರ್ಥವಾಗುವ ಪದ ನಮ್ಮ ಎದುರಿಗೇ ಇತ್ತು. ಜಾನಕಿ ನೀಲಿ ಬಟ್ಟೆಯ ಮೇಲೆ ‘ಬಾಕಿ ಟೀವಿ’ ಎಂದು ಕೆಂಪು ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಹೊಲಿದಳು. ಕೊನೆಯ ಅಕ್ಷರವನ್ನು ಅರ್ಧ ಹೊಲಿದು, ದಾರದಲ್ಲಿ ಸೂಜಿಯನ್ನು ಹಾಗೆಯೇ ನೇತಾಡಲು ಬಿಟ್ಟಳು. ನಮ್ಮ ಲಾಂಛನ ಅದೇ. ಅದರ ಮುಂದೆ ಒಂದು ಕುರ್ಚಿ. ಯಾರು ಬೇಕಾದರೂ ಕೂತು, ತಮ್ಮ ಬದುಕಿನಲ್ಲಿ ಅರ್ಧಕ್ಕೆ ನಿಂತ ಒಂದು ಸಂಗತಿ ಹೇಳಬಹುದು. ಸೆಲ್ವಿ ಪ್ರಶ್ನೆ ಕೇಳುತ್ತಾಳೆ. ನಾನು ಬರೆಯಬೇಕಾದ್ದು ಏನೂ ಇಲ್ಲ.

ಮೊದಲು ಯಾರು ಕೂರುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ಜಾನಕಿ ಬಂದು ಕೂತಳು. ಅಳತೆಯ ಟೇಪು ಕೊರಳಲ್ಲೇ ಇತ್ತು.

“ಗಂಡ ಕೈ ಮಾಡ್ತಿದ್ದ. ಅದು ದೊಡ್ಡ ಕತೆ ಅಲ್ಲ, ತುಂಬ ಜನಕ್ಕೆ ಉಟ್ಟು,” ಎಂದಳು. “ನಾ ಚೀಲ ಹಿಡ್ಕೊಂಡು ಹೊರಟ ದಿನ ಅತ್ತೆ ಅಂಗಳಲ್ಲಿ ಕರಿಮೆಣಸು ಹರಡ್ತಿದ್ರು. ನನ್ನನ್ನು ಮಗಳ ಹಾಗೆ ನೋಡಿದವ್ರು. ಅವ್ರ ಎದುರಿಂದಲೇ ನಡೆದು ಬಂದೆ. ತಲೆ ಎತ್ತಿಲ್ಲೆ. ಅವ್ರು ನೋಡಿದ್ರೋ ಇಲ್ಲವೋ, ಇವತ್ತಿಗೂ ನಂಗೆ ಗೊತ್ತಿಲ್ಲೆ. ಆಮೇಲೆ ಗಂಡ ತೀರಿಹೋದ ಅಂತ ಸುದ್ದಿ ಬಂತು. ನಾ ಹೋಗಿಲ್ಲೆ. ಯಾವ ಮುಖ ಇಟ್ಕೊಂಡು ಹೋಗುದು?”

ಅಷ್ಟೇ. ನಾಲ್ಕು ನಿಮಿಷ. ಸುಬೈದಾ ದಿಬ್ಬ ಹತ್ತಿ ಏರಿಸಿ ಬಂದಳು.

ಒಂದು ತಿಂಗಳಿನ ಮೇಲೆ, ಪಿಕ್ಕಿಂಗ್ ಮುಗಿಯುವ ದಿನಗಳಲ್ಲಿ, ನಾನು ಅಂಗಡಿಯಲ್ಲಿ ಕೂತಿದ್ದಾಗ ಮಡಿಕೇರಿ ಬಸ್ಸಿನಿಂದ ಒಬ್ಬ ಮುದುಕಿ ಇಳಿದು ಬಂದರು. ಕೈಯಲ್ಲಿ ಒಂದು ರವಿಕೆ ಬಟ್ಟೆ. ಜಾನಕಿ ಎದ್ದು ನಿಂತಳು. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಮುದುಕಿ ಬೆಂಚಿನ ಮೇಲೆ ಕೂತು, ಉಸಿರು ತೆಗೆದುಕೊಂಡು ಹೇಳಿದರು:

“ಅಣ್ಣನ ಮೊಮ್ಮಗಳು ಫೋನಲಿ ತೋರ್ಸಿದಳ್. ನೋಡಿದ್ದೆ ಜಾನಕಿ. ನೀ ಹೋಗುದು ನೋಡಿದ್ದೆ. ನಾ ತಲೆ ಎತ್ತಿದ್ರೆ ನೀ ಹೋಗ್ತಿರ್ಲಿಲ್ಲೆ. ಅದಕ್ಕೇ ಎತ್ತಿಲ್ಲೆ.”

ಜಾನಕಿ ಕೊರಳಿನ ಟೇಪು ತೆಗೆದು, ಅತ್ತೆಯ ಬೆನ್ನಿನ ಅಳತೆ ತೆಗೆಯತೊಡಗಿದಳು. ಭುಜ, ತೋಳು, ಎದೆ. ಅಳತೆಯನ್ನು ಬರೆದುಕೊಳ್ಳಬೇಕಿತ್ತು, ಆಕೆ ಟೇಪು ಕೈಬಿಡಲಿಲ್ಲ. “ಹೇಳು, ನಾನು ಬರ್ಕೋತೀನಿ,” ಎಂದೆ. ಆಕೆ ಹೇಳಿದಳು, ನಾನು ದುಂಡಗೆ ಬರೆದೆ. ಸುಬೈದಾ ಫೋನನ್ನು ಕೈಯಲ್ಲಿ ಹಿಡಿದೇ ಇದ್ದಳು, ಚಿತ್ರೀಕರಿಸಲಿಲ್ಲ. ಆಕೆಯ ನಿರ್ದೇಶನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದೇ.

ಮಸ್ಟರ್ ರೋಲನ್ನು ಬೀರುವಿನಲ್ಲೇ ಮತ್ತೆ ಇಟ್ಟು, ಇವತ್ತು ಬೆಳಿಗ್ಗೆ ಅಂಗಡಿಗೆ ಹೋದೆ. ಬಾಗಿಲು ಹಾಕಿತ್ತು. ಬೀಗದ ಕೈ ನನ್ನ ಹತ್ತಿರ ಇದೆ, ಒಳಗಿನ ಕುಂಡದ ಗಿಡಕ್ಕೆ ನೀರು ಹಾಕುವ ಕೆಲಸವೂ ನನ್ನದೇ. ಹೊರಗಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದೆ: ‘ಈ ವಾರ ಸಂಚಿಕೆ ಇಲ್ಲ. ಜಾನಕಿ ಅತ್ತೆ ಮನೆಗೆ ಹೋಗಿದ್ದಾಳೆ.’

ಕೆಲಸಕ್ಕೆ ಹೊರಟಿದ್ದ ಸೆಲ್ವಿ ನಿಂತು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಈಚೆಗೆ ಓದಲು ಕಲಿತಿದ್ದಾಳೆ.

“ಯಾವಾಗ ಬರ್ತಾರೆ ಸಾರ್?”

“ಹೇಳಿಲ್ಲ. ಅತ್ತೆಗೆ ಮೊಣಕಾಲು ನೋವಂತೆ. ಮೆಣಸು ಕೊಯ್ದು ಮುಗಿಸಿ ಬರಬಹುದು.”

“ಬರ್ಲಿ ನಿದಾನಕ್ಕೆ,” ಎಂದು ಅವಳು ನಡೆದಳು. ನಾನು ಒಳಗೆ ಹೋಗಿ, ಗಿಡಕ್ಕೆ ನೀರು ಹಾಕಿ, ಆ ಖಾಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಯಾವ ನೆಪವೂ ಬೇಕೆನಿಸಲಿಲ್ಲ.