ಮೇಲಿನ ಮನೆಗೆ ಹತ್ತಿದ ಬಸಳೆ

ಬಾಗಿಲು ತೆರೆದರೆ, ಮೇಲಿನ ಫ್ಲಾಟಿನ ಈಜಿಪ್ಟಿನ ಹೆಂಗಸು ಹಬೆಯಾಡುವ ಬಟ್ಟಲು ಹಿಡಿದು ನಿಂತಿದ್ದರು. ಅದರಲ್ಲಿ ಬೆಳ್ಳುಳ್ಳಿ ಘಮದ ಹಸಿರು ಲೋಳೆ ಸಾರು. “ಥ್ಯಾಂಕ್ಯೂ ಮೇಡಂ! ನಿಮ್ಮ ಗಿಡ ನಮ್ಮ ಕಿಟಕಿಗೇ ಬಂತು. ದಿನಾ ಸೂಪ್!” ಎಂದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದರು.

ಈ ಗಲ್ಫ್ ದೇಶದ ನಮ್ಮ ಫರ್ವಾನಿಯಾದ ಅಂಗಡಿಗಳಲ್ಲಿ ಬಸಳೆಯ ಬೆಲೆ ಕೇಳಿ ಸುಸ್ತಾಗಿ, ಅಡುಗೆಗೆ ತಂದ ಕಟ್ಟಿನಿಂದಲೇ ಎರಡು ದಂಟು ಉಳಿಸಿ ಬಾಲ್ಕನಿಯ ಪೇಂಟ್ ಡಬ್ಬಿಯಲ್ಲಿ ಊರಿದ್ದೆ. ಅಕ್ಕಿ ತೊಳೆದ ನೀರು ಕುಡಿದ ಬಳ್ಳಿ ಡಿಶ್ ಕೇಬಲ್ ಹಿಡಿದು ಏರಿತ್ತು. ಕೆಳಗೆ ನಮಗೆ ಬರೀ ದಂಟು, ಎಲೆಗಳು ಮಾತ್ರ ಕಾಣುತ್ತಿರಲಿಲ್ಲ. ಗೊಬ್ಬರ ಸಾಲದೇನೋ ಎಂದು ಚಹಾದ ಚರಟ, ಮೊಟ್ಟೆಯ ಸಿಪ್ಪೆ ಎಲ್ಲ ಸುರಿದಿದ್ದೆ. ಅಷ್ಟೂ ಇವರ ಸೂಪಿಗೆ!

ಖಾಲಿ ಪಾತ್ರೆ ವಾಪಸು ಕೊಡುವುದು ನಮ್ಮಲ್ಲಿ ಕ್ರಮವಲ್ಲ. ಅವರೂ ಸ್ವಂತ ಬಳ್ಳಿ ಬೆಳೆಸಿಕೊಳ್ಳಲಿ ಎಂಬ ಉಪಾಯದಿಂದ, ತೊಳೆದ ಬಟ್ಟಲಲ್ಲಿ ಎರಡು ಗೇಣುದ್ದದ ದಂಟು ಇಟ್ಟು, ಮಣ್ಣಿಗೆ ಊರುವಂತೆ ಕೈಸನ್ನೆ ಮಾಡಿ ತೋರಿಸಿ ಬಂದೆ. ಮರುದಿನ ಬಟ್ಟಲು ಮತ್ತೆ ಬಂತು. ದಂಟನ್ನೂ ಹೆಚ್ಚಿ ಬೇಯಿಸಿದ್ದರು! ನನ್ನ ಗಂಡ ಒಂದು ತುಂಡು ಜಗಿದು, “ಮಾರಾಯ್ತಿ, ನಿನ್ನ ಸಾರಿಗಿಂತ ಇದೇ ಲಾಯ್ಕುಂಟು” ಎಂದರು.

ಆ ಬಟ್ಟಲು ಯಾರ ಮನೆಯದೆಂಬುದೇ ಈಗ ಮರೆತುಹೋಗಿದೆ. ನೀರು ಹಾಕುವುದು ನಾನು, ಅಡುಗೆ ಮಾಡುವುದು ಅವರು. ಸಂಜೆ ಬೆಲ್ ಆದರೆ ನನ್ನ ಗಂಡ ಚಮಚ ಹಿಡಿದೇ ಬಾಗಿಲಿಗೆ ಓಡುತ್ತಾರೆ.