ಅವ್ವನ ಮಾನ್‌ಸ್ಟರ್ ಡಬ್ಬಗಳು

ಲಿಫ್ಟಿನಲ್ಲಿ ಒಬ್ಬರು ನಿಂತಿದ್ದರೆ ಇನ್ನೊಬ್ಬರು ಹೊರಗೇ ನಿಂತು, "ನೀವು ಹೋಗಿ, ನಾನು ಆಮೇಲೆ ಬರ್ತೀನಿ" ಎಂದು ಮಾಸ್ಕಿನೊಳಗಿಂದಲೇ ನಕ್ಕು ಕಳಿಸುತ್ತಿದ್ದ ಕಾಲ ಅದು. ಕಣ್ಣು ಸಣ್ಣದಾದರೆ ನಗುತ್ತಿದ್ದಾರೆ ಎಂದು ನಾವೇ ತಿಳಿದುಕೊಳ್ಳಬೇಕಿತ್ತು. ಆ ವರ್ಷಗಳ ಬಗ್ಗೆ ಈಗ ಯಾರನ್ನು ಕೇಳಿದರೂ ಮನೆಯಲ್ಲೇ ಬ್ರೆಡ್ಡು ಮಾಡಿದ್ದು, ಪೈಜಾಮದಲ್ಲೇ ಕೂತು ಶಾಲೆ ಮುಗಿಸಿದ್ದು, ಖಾಲಿ ಟ್ರಾಮುಗಳು ಓಡಾಡಿದ್ದು, ಇಂಥವನ್ನೇ ಹೇಳುತ್ತಾರೆ. ನಿಮಗೂ ಅಂಥವೇ ನೆನಪಿರಬಹುದು. ನನಗೆ ಮೊದಲು ನೆನಪಾಗುವುದು ಅಂಟಿನ ವಾಸನೆ, ಅದರ ಹಿಂದೆಯೇ ಸಿಟ್ಟು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಾವು ಬೈಟನ್‌ವೆಲ್ಡರ್ಟ್ ಎಂಬ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿದ್ದೆವು, ನಾಲ್ಕನೇ ಮಹಡಿ. ಧಾರವಾಡದಿಂದ ಈ ಡಚ್ ದೇಶಕ್ಕೆ ಬಂದು ಆಗಲೇ ಕೆಲವು ವರ್ಷವಾಗಿತ್ತು. ಅಪ್ಪನ ಆಫೀಸು ನಡೆದು ಹೋಗುವಷ್ಟು ಹತ್ತಿರ, ಜೈಡಾಸ್ ಎಂಬ ಕಚೇರಿಗಳ ಕೇರಿಯಲ್ಲಿ. ಕೊರೊನಾ ಬಂದಮೇಲೆ ಆ ಆಫೀಸು ನಮ್ಮ ಊಟದ ಮೇಜಿನ ಮೇಲೆಯೇ ಬಂದು ಕೂತುಬಿಟ್ಟಿತ್ತು. ಅವ್ವ ಮಾತ್ರ ಮನೆಯಲ್ಲಿ ಕೂರಲಿಲ್ಲ. ಅವಳಿಗೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಊರಿನವರ ಮೂಗು, ಗಂಟಲುಗಳಿಂದ ತೆಗೆದ ಸ್ಯಾಂಪಲ್ಲುಗಳೆಲ್ಲ ಪರೀಕ್ಷೆಗೆಂದು ಅಲ್ಲಿಗೇ ಬರುತ್ತಿದ್ದವು. ಮಳೆಯಿರಲಿ ಗಾಳಿಯಿರಲಿ ಸೈಕಲ್ಲೇರಿ ಹೋಗುತ್ತಿದ್ದಳು. ಬಂದ ಕೂಡಲೇ ಸೀದಾ ಬಚ್ಚಲಿಗೆ. ಮೈ ತೊಳೆದುಕೊಂಡು ಹೊರಗೆ ಬರುವವರೆಗೆ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬಂದಮೇಲೂ ಎರಡು ತುತ್ತು ತಿನ್ನುವಷ್ಟರಲ್ಲಿ ಸೋಫಾದ ಮೇಲೆ ನಿದ್ದೆ ಹೋಗಿರುತ್ತಿದ್ದಳು. ನಾನು ಅವ್ವನ ಜೊತೆ ಮನೆಯಲ್ಲಿದ್ದೂ ಅವ್ವನಿಗಾಗಿ ಕಾಯುತ್ತಿದ್ದೆ.

ಮೊದಲ ವರ್ಷದ ವಸಂತದಲ್ಲಿ ಇಲ್ಲಿನವರೆಲ್ಲ ಒಂದು ಸಂಜೆ ಬಾಲ್ಕನಿಗೆ ಬಂದು ಆಸ್ಪತ್ರೆಯಲ್ಲಿ ದುಡಿಯುವವರಿಗಾಗಿ ಚಪ್ಪಾಳೆ ತಟ್ಟಿದ್ದರು. ಅವ್ವ ಆ ಹೊತ್ತಿಗೆ ಸರಿಯಾಗಿ ಕೆಳಗೆ ಸೈಕಲ್ಲು ನಿಲ್ಲಿಸುತ್ತಿದ್ದಳು. ಆರನೇ ಮಹಡಿಯ ಸುಷ್ಮಾ ಆಂಟಿ, ನಮ್ಮ ಕಟ್ಟಡದ ಕನ್ನಡ ಮನೆಗಳಿಗೆಲ್ಲ ಅವರೇ ಮುಖಂಡರು, ಚಪ್ಪಾಳೆ ಸಾಲದೆಂದು ಸ್ಟೀಲಿನ ತಟ್ಟೆಯನ್ನೂ ಬಾರಿಸಿದರು. ವಿಡಿಯೊ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕಿ, "ನಮ್ಮ ಶೈಲಜಾ, ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಮಾದರಿ" ಎಂದು ಬರೆದರು. ಅವ್ವ ನಾಚಿಕೊಂಡು, "ಇದೇನ್ ಹುಚ್ಚಾಟರಿ" ಎಂದು ಉತ್ತರ ಹಾಕಿದಳು. ಆದರೆ ಅಡುಗೆಮನೆಯಲ್ಲಿ ದನಿ ಸಣ್ಣದು ಮಾಡಿಕೊಂಡು ಆ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಅದನ್ನು ನಾನು ನೋಡಿದ್ದೆ.

ಮರುವರ್ಷ ಶರತ್ಕಾಲಕ್ಕೆ ನಿಯಮಗಳು ಸಡಿಲವಾದವು. ಅಂತರ ಕಾಯುವುದು ಕಡ್ಡಾಯವಲ್ಲ ಎಂದ ಕೂಡಲೇ ಜನರೆಲ್ಲ ಕಟ್ಟಿಹಾಕಿದ್ದ ಕರು ಬಿಚ್ಚಿದಂತೆ ಬೀದಿಗಿಳಿದರು. ಸುಷ್ಮಾ ಆಂಟಿ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಹ್ಯಾಲೋವೀನ್ ಪಾರ್ಟಿ ಇಟ್ಟರು. ದೊಡ್ಡವರು ಮಕ್ಕಳು ಎಲ್ಲರೂ ವೇಷ ಹಾಕಿಕೊಂಡೇ ಬರಬೇಕು, ವಿಷಯ 'ಮಾನ್‌ಸ್ಟರ್'. ಅವರ ಮಗಳು ಅನ್ವಿತಾ ನನ್ನ ಗೆಳತಿ. ಅಲಂಕಾರದ ಕೆಲಸ ನನ್ನ ಪಾಲಿಗೆ ಬಂತು.

"ಚೈತಿ, ನೀನು ಡ್ರಾಯಿಂಗ್ ಚೆನ್ನಾಗಿ ಮಾಡ್ತೀಯಲ್ಲಾ, ಎಂಟ್ರೆನ್ಸ್ ಡೆಕೊರೇಶನ್ ಪೂರ್ತಿ ನಿಂದೇ. ಸೂಪರಾಗಿರ್ಬೇಕು, ಆಯ್ತಾ?" ಎಂದರು ಆಂಟಿ.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವ್ವ ಬರುವುದನ್ನೇ ಕಾದಿದ್ದು ಹೇಳಿದೆ. ಅವಳು ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದವಳು ಟವೆಲ್ಲಿನೊಳಗಿಂದಲೇ ನಗಲು ಶುರುಮಾಡಿದಳು.

"ಮಾನ್‌ಸ್ಟರ್ ಬೇಕೇನ ನಿನಗ? ನಮ್ಮ ಲ್ಯಾಬ್‌ನ್ಯಾಗ ದಿನಾ ರಾಶಿ ರಾಶಿ ಬರ್ತಾವ ತಗೋ!"

ವಿಷಯ ಇಷ್ಟೇ. ಡಚ್ ಭಾಷೆಯಲ್ಲಿ ಮಾನ್‌ಸ್ಟರ್ ಎಂದರೆ ರಾಕ್ಷಸ. ಪರೀಕ್ಷೆಗೆಂದು ತೆಗೆದ ಸ್ಯಾಂಪಲ್ಲಿಗೂ ಅದೇ ಶಬ್ದ. ನಾವು ಕನ್ನಡದಲ್ಲಿ ಮಾದರಿ ಎನ್ನುತ್ತೇವಲ್ಲ, ಅದು. ಮರುದಿನ ಶಾಲೆಯಲ್ಲಿ ಹೇಳಿದರೆ ಡಚ್ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ದಿನಾ ಬಳಸುವ ಮಾತಿನೊಳಗೆ ಇಂಥ ತಮಾಷೆ ಕೂತಿದೆ ಎಂದು ಅವರಿಗೇ ಹೊಳೆದಿರಲಿಲ್ಲ.

ಅವ್ವನ ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಉಗ್ರಾಣವಿತ್ತು. ಹೊಸ ಟ್ಯೂಬುಗಳು ಬರುತ್ತಿದ್ದ ರಟ್ಟಿನ ಡಬ್ಬಗಳನ್ನು ಅಲ್ಲಿಯೇ ಬಿಚ್ಚಿ, ಮಡಚಿ, ರದ್ದಿಗೆ ಹಾಕುತ್ತಿದ್ದರು. ಲ್ಯಾಬಿನ ಹೊಸ್ತಿಲನ್ನೂ ಕಾಣದ ಡಬ್ಬಗಳು ಅವು. ಅವ್ವ ಕೇಳಿ ಇಸಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗ ಕಟ್ಟಿ, ನಾಲ್ಕಾರು ಸಲ ಹೊತ್ತು ತಂದಳು. ಪ್ರತಿ ಡಬ್ಬದ ಮೇಲೂ ಡಚ್ಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಖಾಲಿ ಟ್ಯೂಬುಗಳು' ಎಂದೂ, ಅದರ ಕೆಳಗೆ ಕಣ್ಣಿಗೆ ಹೊಡೆಯುವಂತೆ 'ಮಾನ್‌ಸ್ಟರ್ಸ್' ಎಂದೂ ಅಚ್ಚಾಗಿತ್ತು.

ಡಬ್ಬದ ಮೇಲೆ ಡಬ್ಬ ಅಂಟಿಸಿ ನನಗಿಂತ ಎತ್ತರದ ರಾಕ್ಷಸನನ್ನು ನಿಲ್ಲಿಸಿದೆವು. ಮೊಟ್ಟೆ ಟ್ರೇ ಕತ್ತರಿಸಿ ಕಣ್ಣು. ಮೊಸರಿನ ಡಬ್ಬಿಯ ಮುಚ್ಚಳದ ಹಲ್ಲು. ಅಪ್ಪನ ಕೆಟ್ಟುಹೋದ ಇಂಟರ್ನೆಟ್ ವೈರು ಬಾಲವಾಯಿತು. ಎಲ್ಲದಕ್ಕೂ ಹಸಿರು ಬಣ್ಣ ಬಳಿದು, ಎದೆಯ ಮೇಲಿನ ಆ ಎರಡು ಸಾಲು ಅಕ್ಷರಗಳನ್ನು ಮಾತ್ರ ಬಿಟ್ಟೆವು. ಕೋಣೆಯಲ್ಲಿ ಅಂಟು, ಬಣ್ಣ, ಅಡುಗೆಮನೆಯಿಂದ ಅವ್ವ ಹುರಿಯುತ್ತಿದ್ದ ಶೇಂಗಾದ ಘಮ, ಎಲ್ಲ ಒಂದಾಗಿರುತ್ತಿತ್ತು. ಅಪ್ಪ ಮೀಟಿಂಗಿನ ನಡುವೆ ಮೈಕು ಮುಚ್ಚಿ, "ಸ್ವಲ್ಪ ಸಣ್ಣಗ ನಗ್ರೆಲಾ, ಸಾಹೇಬ್ರಿಗೆ ಕೇಳಸ್ತೈತಿ" ಎಂದು ಬೇಡಿಕೊಳ್ಳುತ್ತಿದ್ದ. ನಮಗೆ ಮತ್ತಷ್ಟು ನಗು.

ವೇಷಕ್ಕೆ ಅವ್ವ ಕೌದಿ ಹೊಲಿದಳು. ನಮ್ಮ ಕಡೆ ಹಳೆ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊದಿಕೆ ಹೊಲಿಯುತ್ತಾರಲ್ಲ, ಹಾಗೆಯೇ, ಆದರೆ ಮೇಲಂಗಿಯ ಆಕಾರ. ಅವಳ ಮಾಸಿದ ಇಳಕಲ್ ಸೀರೆ, ಎರಡು ವರ್ಷದಿಂದ ಇಸ್ತ್ರಿ ಕಾಣದ ಅಪ್ಪನ ಆಫೀಸು ಅಂಗಿಗಳು, ನನಗೆ ಗಿಡ್ಡವಾದ ಮಳೆಕೋಟು, ಎಲ್ಲ ಅದರಲ್ಲಿ ಸೇರಿದವು. ನನಗೊಂದು ಹೊಲಿದಳು, ತನಗೊಂದು ಹೊಲಿದುಕೊಂಡಳು. ಸಣ್ಣ ಮಾನ್‌ಸ್ಟರ್, ದೊಡ್ಡ ಮಾನ್‌ಸ್ಟರ್.

"ಖರೇನ ಬರ್ತಿಯೇನಬೇ ಅವ್ವಾ? ಮತ್ತ ಡ್ಯೂಟಿ ಬಂತು ಅಂತಿ ನೀ."

"ಬರ್ತೀನಿ ಅಂದ್ರ ಬರ್ತೀನಿ. ಮಧ್ಯಾಹ್ನದ ಮ್ಯಾಲ ಸೂಟಿ ತಗೊಂಡೀನಿ. ಇಬ್ಬರೂ ಕೂಡೇ ಹೋಗೂಣು."

ನನಗೆ ಬಹುಮಾನ ಬೇಕಿರಲಿಲ್ಲ, ಚಾಕೊಲೇಟೂ ಬೇಕಿರಲಿಲ್ಲ. ಆ ಒಂದು ಸಂಜೆ ಅವ್ವ ಎಚ್ಚರವಾಗಿ, ನಗುತ್ತಾ, ಎಲ್ಲರೆದುರು ನನ್ನ ಪಕ್ಕದಲ್ಲಿ ನಿಂತಿರಬೇಕಿತ್ತು.

ಪಾರ್ಟಿಯ ದಿನ ಮಧ್ಯಾಹ್ನ ಅಪ್ಪನೂ ನಾನೂ ರಾಕ್ಷಸನನ್ನು ಹೊತ್ತು ತಂದು ಹಾಲ್‌ನ ಬಾಗಿಲಲ್ಲಿ ನಿಲ್ಲಿಸಿದೆವು. ಅಪ್ಪ ಮೀಟಿಂಗಿಗೆಂದು ಮೇಲೆ ಹೋದ. ನನ್ನ ಕೌದಿಯ ಮೇಲಂಗಿಯನ್ನು ರಾಕ್ಷಸನ ಹೆಗಲಿಗೆ ಹಾಕಿದ್ದೆ. ಅನ್ವಿತಾ ಮತ್ತು ಉಳಿದ ಮಕ್ಕಳು ಅದರ ಬಾಲ ಹಿಡಿದು ಕುಣಿದಾಡಿದರು. ಅಷ್ಟರಲ್ಲಿ ಸುಷ್ಮಾ ಆಂಟಿ ಕೇಸರಿಬಾತಿನ ಪಾತ್ರೆ ಹಿಡಿದು ಬಂದರು. "ವಾವ್" ಎಂದರು. ಆಮೇಲೆ ಎದೆಯ ಮೇಲಿನ ದೊಡ್ಡ ಅಕ್ಷರ ನೋಡಿ, ಪಾತ್ರೆ ಕೆಳಗಿಟ್ಟು, ಫೋನು ತೆಗೆದು ಅದರ ಮೇಲೆ ಹಿಡಿದರು. ಡಚ್ ಕಾಗದ ಏನು ಬಂದರೂ ಅವರು ಓದುತ್ತಿದ್ದದ್ದು ಹಾಗೆಯೇ, ಫೋನೇ ಇಂಗ್ಲಿಷಿಗೆ ತಿರುಗಿಸಿ ಕೊಡುತ್ತಿತ್ತು. ಪರದೆಯ ಮೇಲೆ 'ಸ್ಯಾಂಪಲ್ಸ್' ಎಂದು ಬಂತು.

"ಇದನ್ನ ಎಲ್ಲಿಂದ ತಂದೆ ಚೈತಿ?"

"ಅವ್ವನ ಆಸ್ಪತ್ರೆಯಿಂದ ಆಂಟಿ."

ಕುತ್ತಿಗೆಯಲ್ಲಿದ್ದ ಮಾಸ್ಕು ಮೂಗಿನವರೆಗೆ ಏರಿತು. "ಎಲ್ರೂ ಹೊರಗ್ ಬನ್ನಿ! ಮುಟ್ಬೇಡಿ ಅದನ್ನ! ಅನ್ವಿತಾ, ಕೈ ತೊಳ್ಕೋ ಹೋಗು, ಈಗ್ಲೇ!"

ನಾನು ಹೇಳಿದೆ. ಅದು ಖಾಲಿ ಡಬ್ಬ, ಇಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ ನೋಡಿ, ಇದೊಂದು ತಮಾಷೆ ಎಂದೆಲ್ಲ ಹೇಳಿದೆ. ಬೆರಳಿಟ್ಟು ಓದಿ ತೋರಿಸಿದೆ. ಆಂಟಿ ಫೋನನ್ನು ಮತ್ತೊಮ್ಮೆ ಎರಡು ಬೆರಳು ಮೇಲೆ ಹಿಡಿದಿದ್ದರೆ ಅದೂ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹಿಡಿಯಲಿಲ್ಲ.

"ಪುಟ್ಟಾ, ನಿಂಗೆ ಗೊತ್ತಾಗಲ್ಲ. ಇದೆಲ್ಲಾ ಸೈನ್ಸು" ಎಂದರು.

ಸೈನ್ಸು! ಹಗಲೂ ಇರುಳೂ ಅದನ್ನೇ ಮಾಡಿ ಸುಸ್ತಾಗಿ ಸೋಫಾದ ಮೇಲೆ ಬೀಳುತ್ತಿದ್ದವಳ ಮಗಳಿಗೆ, ಫೋನಿನಲ್ಲಿ ಒಂದು ಶಬ್ದ ಓದಿದವರು ಹೇಳಿಕೊಟ್ಟ ಸೈನ್ಸು.

ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡು, ಕಸಬರಿಗೆಯಿಂದ ನೂಕಿ ನೂಕಿ, ರಾಕ್ಷಸನನ್ನು ಹೊರಗಿನ ಕಸದ ಕಂಟೇನರಿನ ಪಕ್ಕಕ್ಕೆ ತಳ್ಳಿದರು. ಮಳೆ ಹನಿಯುತ್ತಿತ್ತು. ಮೇಲಂಗಿಯನ್ನು ಕೊಡಿ ಎಂದರೆ, "ಅದೂ ಅದರ ಮೇಲೇ ಇತ್ತಲ್ವಾ" ಎಂದರು. ಅನ್ವಿತಾ ಗಾಜಿನ ಆಚೆಯಿಂದ ನೋಡುತ್ತಾ ನಿಂತಿದ್ದಳು. ಯಾರೋ ಫೋನು ಮಾಡಿದ್ದಕ್ಕೆ ಅಪ್ಪ ಮನೆಯ ಚಪ್ಪಲಿಯಲ್ಲೇ ಇಳಿದು ಬಂದು, "ಸಾರಿ, ಸಾರಿ" ಎಂದ. ಯಾಕೆ ಸಾರಿ? ಯಾರಿಗೆ ಸಾರಿ? ಅಪ್ಪ ನನ್ನ ಕಡೆ ತಿರುಗಿ, "ಹೋಗ್ಲಿ ಬಿಡ" ಎಂದ.

ಅವ್ವನ ಸೈಕಲ್ಲು ಬಂದದ್ದು ಆಗ. ಬೇಗ ತಲುಪಬೇಕೆಂದು ಜೋರಾಗಿ ತುಳಿದು ಬಂದಿದ್ದಳು, ಮುಖ ಕೆಂಪಾಗಿತ್ತು. ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಿಂದ ದೊಡ್ಡ ಮಾನ್‌ಸ್ಟರಿನ ಕೌದಿ ಇಣುಕುತ್ತಿತ್ತು. ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಲು ಒಯ್ದಿದ್ದಳಂತೆ. ಅವಳು ಮೊದಲು ನೋಡಿದ್ದು ಕಂಟೇನರಿನ ಪಕ್ಕ ನೆನೆದು ಮುದ್ದೆಯಾಗುತ್ತಿದ್ದ ಹಸಿರು ರಟ್ಟನ್ನು. ಆಮೇಲೆ ನನ್ನನ್ನು.

ಆಂಟಿ ಬಾಗಿಲಲ್ಲೇ ನಿಂತು ಅಂಗೈ ಮುಂದೆ ಮಾಡಿದರು, ಟ್ರಾಫಿಕ್ ಪೊಲೀಸರು ಮಾಡುವ ಹಾಗೆ.

"ಶೈಲಜಾ ಅವ್ರೇ, ತಪ್ಪು ತಿಳ್ಕೋಬೇಡಿ. ಮಕ್ಳಿದಾರೆ ನೋಡಿ, ಅದಕ್ಕೇ."

"ಅವು ಖಾಲಿ ಡಬ್ಬ ಅದಾವ್ರಿ. ಲ್ಯಾಬಿನ ಒಳಗ ಸುದ್ದಾ ಹೋಗಿಲ್ಲ."

"ಗೊತ್ತು, ಗೊತ್ತು. ಡಬ್ಬದ್ದಲ್ಲ. ನೀವು ದಿನಾ ಅಲ್ಲೇ ಇರ್ತೀರಲ್ಲಾ. ಎಲ್ಲಾ ಪೂರ್ತಿ ನಾರ್ಮಲ್ ಆಗ್ಲಿ, ಆಮೇಲೆ ನಿಮ್ಮನ್ನೂ ಕರ್ದು ಇನ್ನೊಂದು ಪಾರ್ಟಿ ಮಾಡೋಣ."

ಆ 'ಗೊತ್ತು' ಎನ್ನುವುದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ತಿಳಿಯದೆ ಹೆದರಿದ್ದರೆ ಒಂದು ಮಾತು. ಡಬ್ಬ ಖಾಲಿಯೆಂದು ಗೊತ್ತಿತ್ತು. ಅವರು ಹೊರಗಿಡಬೇಕೆಂದಿದ್ದದ್ದು ನನ್ನ ಅವ್ವನನ್ನು. ಅವಳಿಗೆ ಹೇಳಲು ನೆವ ಬೇಕಿತ್ತು, ನಾನೇ ಬಣ್ಣ ಬಳಿದು ಬಾಗಿಲಲ್ಲಿ ನಿಲ್ಲಿಸಿಕೊಟ್ಟಂತಾಯಿತು. ಎಲ್ಲರೂ ಹೊತ್ತುಹೊತ್ತಿಗೆ ಕೈ ತೊಳೆಯುತ್ತಿದ್ದ ಕಾಲ, ನಮ್ಮಿಂದಲೂ ಕೈ ತೊಳೆದುಕೊಂಡರು.

ಅವ್ವ ಜಗಳವಾಡಲಿಲ್ಲ. "ಆತ್ರಿ" ಎಂದಳು, ಅಷ್ಟೇ. ಅವಳು ಕೂಗಾಡಬೇಕಿತ್ತು, ಆ ಸ್ಟೀಲಿನ ತಟ್ಟೆಯನ್ನು ನೆನಪಿಸಬೇಕಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಚೀಲದೊಳಗೆ ಕೌದಿಯನ್ನು ಒತ್ತಿ ತುರುಕಿ, ನನ್ನ ಕೈ ಹಿಡಿದಳು. ಲಿಫ್ಟು ಬಾಗಿಲು ತೆರೆದುಕೊಂಡೇ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ.

"ಮೆಟ್ಟಲಾ ಹತ್ತೂಣು ಬಾ" ಎಂದಳು.

ಸಂಜೆ ಕೆಳಗಿನಿಂದ ಹಾಡು ಕೇಳುತ್ತಿತ್ತು. ಯಾರೋ ಬೆಲ್ಲು ಒತ್ತಿ ಓಡಿದರು. ನೋಡಿದರೆ ಕಾಲೊರಸಿನ ಮೇಲೆ ಒಂದು ಡಬ್ಬಿ, ಒಳಗೆ ಬಿಸಿ ಕೇಸರಿಬಾತು. ತುಪ್ಪದ ವಾಸನೆಗೆ ನನ್ನ ಬಾಯಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ನಾನು ಮುಟ್ಟಲಿಲ್ಲ. ಅಪ್ಪ ಚಮಚ ತಂದು, "ತಿನ್ನೂ ಪದಾರ್ಥದ ಮ್ಯಾಲ ಯಾಕ ಸಿಟ್ಟು" ಎನ್ನುತ್ತಾ ತಿಂದ. ದ್ರಾಕ್ಷಿಯನ್ನೂ ಬಿಡಲಿಲ್ಲ.

ಆ ಇನ್ನೊಂದು ಪಾರ್ಟಿ ಬರಲೇ ಇಲ್ಲ. ನಾನು ಆಮೇಲೆ ಅಲಂಕಾರಕ್ಕೆಂದು ಕತ್ತರಿ ಹಿಡಿಯಲಿಲ್ಲ. ಅವ್ವನ ಕೌದಿ ಸೈಕಲ್ಲು ಒರೆಸುವ ಬಟ್ಟೆಯಾಯಿತು, ಅವಳೇ ಕತ್ತರಿಸಿದಳು. ಮಾಸ್ಕುಗಳೆಲ್ಲ ಮಾಯವಾಗಿ, ಲಿಫ್ಟಿನಲ್ಲಿ ಜನ ಮತ್ತೆ ಒತ್ತೊತ್ತಿ ನಿಲ್ಲತೊಡಗಿದ ಮೇಲೂ ಅವಳು ಕೈಯಲ್ಲಿ ಸಂತೆಯ ಚೀಲ ಹಿಡಿದು ಮೆಟ್ಟಿಲನ್ನೇ ಹತ್ತುತ್ತಿದ್ದಳು. ಕೇಳಿದರೆ, "ವ್ಯಾಯಾಮ ಆಗ್ತೈತಿ" ಎನ್ನುತ್ತಿದ್ದಳು. ನಾನು ಸಣ್ಣವಳೆಂದು ತಿಳಿದಿದ್ದಳೇನೋ.

ಈಗ ನಾನು ಯೂನಿವರ್ಸಿಟಿಯಲ್ಲಿ ಓದುತ್ತಿದ್ದೇನೆ, ಬೇರೆ ಊರಿನಲ್ಲಿದ್ದೇನೆ. ಹೋದ ದೀಪಾವಳಿಗೆ ಮನೆಗೆ ಬಂದಾಗ ಕನ್ನಡದವರ ಕೂಟಕ್ಕೆ ಹೋಗಿದ್ದೆವು. ಸುಷ್ಮಾ ಆಂಟಿ ಓಡಿ ಬಂದು ಅವ್ವನನ್ನು ತಬ್ಬಿಕೊಂಡರು. ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿಗೆ ನಮ್ಮನ್ನು ತೋರಿಸಿ, "ಕೊರೊನಾ ಟೈಮಲ್ಲೂ ನಾವು ಎಷ್ಟು ಮಜಾ ಮಾಡಿದ್ವಿ ಗೊತ್ತಾ? ಈ ಚೈತಿ ಒಂದು ಮಾನ್‌ಸ್ಟರ್ ಮಾಡಿದ್ಲು, ಅಬ್ಬಾ, ಎಷ್ಟು ಚೆನ್ನಾಗಿತ್ತು!" ಎಂದರು. ಅವರ ಕಣ್ಣಲ್ಲಿ ಕಳ್ಳತನವಿರಲಿಲ್ಲ. ನಿಜವಾಗಿಯೂ ಹಾಗೆಯೇ ನೆನಪಿಟ್ಟುಕೊಂಡಿದ್ದರು. ಅವರಿಗೆ ಅದು ಸಿಹಿ ನೆನಪು. ವಸಂತದಲ್ಲಿ ಅವ್ವ ಅವರಿಗೆ ಒಂದು ಮಾದರಿ, ಶರತ್ಕಾಲಕ್ಕೆ ಇನ್ನೊಂದು ಮಾದರಿ. ಎರಡೂ ಅವರ ನಾಲಿಗೆಗೆ ಭಾರವಾಗಲಿಲ್ಲ.

ಆ ಹುಡುಗಿ ಅವ್ವನನ್ನು ಕೇಳಿದಳು, "ನೀವೆಲ್ಲಿ ಕೆಲಸ ಮಾಡೋದು ಆಂಟಿ?"

ಅವ್ವ ಇವತ್ತಿಗೂ ಅದೇ ಲ್ಯಾಬಿನಲ್ಲಿದ್ದಾಳೆ. ಈಗ ಅಲ್ಲಿ ಒಂದು ತಂಡವನ್ನೇ ನೋಡಿಕೊಳ್ಳುತ್ತಾಳೆ. ಅವಳು ನಕ್ಕು, "ಇಲ್ಲೇ, ಒಂದ್ ಆಫೀಸಿನ್ಯಾಗ" ಎಂದಳು.

ಅವತ್ತು ಮನೆಗೆ ಬಂದಮೇಲೆ, ಅವಳು ಬಚ್ಚಲಿನಲ್ಲಿದ್ದಾಗ, ಅವಳ ಫೋನಿನಲ್ಲಿ ಆ ಚಪ್ಪಾಳೆಯ ವಿಡಿಯೊ ಹುಡುಕಿದೆ. ನನ್ನ ಹಳೆಯ ಹುಟ್ಟುಹಬ್ಬಗಳಿದ್ದವು, ಧಾರವಾಡದ ಮನೆಯಿತ್ತು, ನಾವಿಬ್ಬರೂ ಹಸಿರು ಬಣ್ಣ ಮೆತ್ತಿಕೊಂಡು ಹಲ್ಲು ಕಿರಿದ ಒಂದು ಫೋಟೊ ಕೂಡ ಇತ್ತು. ಆ ವಿಡಿಯೊ ಮಾತ್ರ ಇರಲಿಲ್ಲ. ಅವ್ವ ಅದನ್ನು ಅಳಿಸಿಹಾಕಿದ್ದಳು.